ಗಣಿತಸಾರಸಂಗ್ರಹಕಾರ ಮಹಾವೀರಾಚಾರ್ಯರು

ಕರ್ಣಾಟಕದ ಸಂಸ್ಕೃತಿಗೆ ಜೈನಧರ್ಮವು ಸಲ್ಲಿಸಿದ ಕಾಣಿಕೆಯನ್ನು ಎಣಿಸತೊಡಗಿದಾಗ ನಾವು ಸಾಮಾನ್ಯವಾಗಿ ಮೊದಲು ಹೆಸರಿಸುವುದು ಶ್ರವಣಬೆಳ್ಗೊಳದ ಗೊಮ್ಮಟನನ್ನು. ಆಮೇಲೆ ಪಂಪ, ಪೊನ್ನ, ರನ್ನರನ್ನು. ಅನಂತರ ನಾಡಿನುದ್ದಗಲಕ್ಕೂ ಹರಡಿರುವ ಬಸದಿ, ಮಾನಸ್ತಂಭ, ನಿಸಿದಿಗಳನ್ನು. ಶಿಲ್ಪಕ್ಕೂ ಕಾವ್ಯಕ್ಕೂ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಆದರೆ ಈ ಎಣಿಕೆಯಲ್ಲಿ, ಎಣಿಕೆಯ ಶಾಸ್ತ್ರವನ್ನೇ ಬರೆದುಕೊಟ್ಟ ಆಚಾರ್ಯರೊಬ್ಬರ ಹೆಸರು ಬಿಟ್ಟುಹೋಗುತ್ತಿರುವುದು ವಿಚಿತ್ರವೇ ಸರಿ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. ೮೫೦ರ ಸುಮಾರಿಗೆ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯರೇ ಅವರು.

ಆಚಾರ್ಯರ ಬದುಕಿಗೆ ಅವರ ಗ್ರಂಥವೇ ಸಾಕ್ಷಿ. ಗ್ರಂಥಾರಂಭದಲ್ಲಿ ಅವರು ವರ್ಧಮಾನ ಜಿನೇಂದ್ರನಿಗೆ ವಂದಿಸಿ, ಆತನನ್ನು ಸಂಖ್ಯಾಜ್ಞಾನದ ದೀಪದಿಂದ ಜಗತ್ತನ್ನು ಬೆಳಗಿದವನೆಂದು ಭಾವಿಸುತ್ತಾರೆ. ಬಳಿಕ ಅಮೋಘವರ್ಷನ ಗುಣಗಳನ್ನು ಕೀರ್ತಿಸಿ, ಆತನನ್ನು ಸ್ಯಾದ್ವಾದ ನ್ಯಾಯದ ಪಕ್ಷಪಾತಿಯೆಂದು ವರ್ಣಿಸಿ, ಆತನ ಶಾಸನವು ವೃದ್ಧಿಗೊಳ್ಳಲೆಂದು ಹಾರೈಸುತ್ತಾರೆ. ಇರುವ ಅರಸನ ಬಗೆಗೆ ಆಡುವ ಮಾತಿನ ರೀತಿಯಿದು. ಅಮೋಘವರ್ಷನು ಪಟ್ಟವೇರಿದುದು ೮೧೪ರಲ್ಲಿ. ಸುಮಾರು ೬೪ ವರ್ಷಗಳ ದೀರ್ಘಕಾಲ ಆಳಿದನು. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವೇ ಆತನ ರಾಜಧಾನಿಯಾಗಿದ್ದ ಮಾನ್ಯಖೇಟ. ಅರಬ ವರ್ತಕ ಸುಲೈಮಾನನ ಹೆಸರಿನಲ್ಲಿ ಬಂದಿರುವ ೮೫೧ರ ವೃತ್ತಾಂತವು ‘ಬಲ್ಹಾರ’ನನ್ನು, ಎಂದರೆ ರಾಷ್ಟ್ರಕೂಟದೊರೆಯನ್ನು, ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಅದೇ ಕಾಲದಲ್ಲಿ ‘ಕವಿರಾಜಮಾರ್ಗ’ವು ಕನ್ನಡದಲ್ಲಿ ಕಾವ್ಯಶಾಸ್ತ್ರಕ್ಕೆ ತಳಹದಿ ಹಾಕಿತು, ಅರಸನ ಗುರುಗಳಾದ ಜಿನಸೇನಾಚಾರ್ಯರು ೮೩೭ರಲ್ಲಿ ‘ಜಯಧವಲಾ’ ಟೀಕೆಯನ್ನು ಪೂರ್ಣಗೊಳಿಸಿದರು. ಕಾವ್ಯಕ್ಕೂ ಆಗಮಕ್ಕೂ ದೊರೆತ ಆಶ್ರಯವು ಗಣಿತಕ್ಕೂ ದೊರೆತ ಕಾಲವದು.

ಗ್ರಂಥದ ಮಹತ್ತ್ವವನ್ನು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಆರ್ಯಭಟನು ೪೯೯ರಲ್ಲಿ ರಚಿಸಿದ ‘ಆರ್ಯಭಟೀಯ’ದಲ್ಲಿ ಗಣಿತಕ್ಕೆ ದೊರೆತುದು ೩೩ ಶ್ಲೋಕಗಳ ಒಂದು ಪಾದ, ಮಿಕ್ಕುದು ಗ್ರಹಗತಿಗೆ ಮೀಸಲು. ಬ್ರಹ್ಮಗುಪ್ತನ ೬೨೮ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿಯೂ ಗಣಿತ, ಕುಟ್ಟಕಗಳು ಜ್ಯೋತಿಷದ ಅಧ್ಯಾಯಗಳ ನಡುವೆ ಸ್ಥಳ ಪಡೆದಿವೆ. ಎಂದರೆ ಗಣಿತವು ಖಗೋಳಶಾಸ್ತ್ರದ ಮನೆಯಲ್ಲಿ ಊಳಿಗದವಳಂತಿದ್ದಿತು. ಮಹಾವೀರಾಚಾರ್ಯರು ಆಕೆಗೆ ಬೇರೆಯೇ ಒಂದು ಮನೆಯನ್ನು ಕಟ್ಟಿಕೊಟ್ಟರು. ೧೧೦೦ಕ್ಕೂ ಮೇಲ್ಪಟ್ಟ ಶ್ಲೋಕಗಳಲ್ಲಿ, ಸಂಜ್ಞಾ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯಾ ಎಂಬ ಒಂಬತ್ತು ವಿಭಾಗಗಳಾಗಿ ಹರಡಿರುವ ಈ ಗ್ರಂಥವು ಆದ್ಯಂತವಾಗಿ ಗಣಿತವೇ. ಸೂರ್ಯಾದಿ ಗ್ರಹಗಳ ಸಂಚಾರ, ಗ್ರಹಣ, ದ್ವೀಪಸಾಗರಗಳ ಪ್ರಮಾಣ ಇವುಗಳಿಗೆ ಮಾತ್ರವಲ್ಲದೆ ವೈದ್ಯ, ವಾಸ್ತು, ಪಾಕಶಾಸ್ತ್ರ, ಸಂಗೀತ, ನಾಟಕ, ಛಂದಸ್ಸು, ವ್ಯಾಕರಣ ಮುಂತಾದವಕ್ಕೂ ಗಣಿತವು ಬೇಕೆಂದು ಅವರು ಪೀಠಿಕೆಯಲ್ಲಿ ಸಾರುತ್ತಾರೆ. ಅಡುಗೆಯವನಿಗೂ ಜ್ಯೋತಿಷಿಗೂ ಒಂದೇ ಸಾಲಿನಲ್ಲಿ ಎಡೆಯಿಕ್ಕಿದ ಈ ಔದಾರ್ಯ ಗಮನಾರ್ಹ.

ಸಂಜ್ಞಾಧಿಕಾರದಲ್ಲಿ ಏಕ, ದಶ, ಶತಗಳಿಂದ ಹೊರಟು ಮಹಾಕ್ಷೋಭದವರೆಗೆ ೨೪ ಸ್ಥಾನಗಳಿಗೆ ಹೆಸರುಗಳಿವೆ. ಅಂಕಿಗಳಿಗೆ ಪದಗಳನ್ನು ಬಳಸುವ ಪದ್ಧತಿಯಲ್ಲಿ ಜೈನ ಪರಿಭಾಷೆಯು ಸಹಜವಾಗಿಯೇ ನುಸುಳಿದೆ: ತತ್ತ್ವವೆಂದರೆ ೭, ಕರ್ಮವೆಂದರೆ ೮. ಕಾಲಮಾನವೂ ಆಗಮಾನುಸಾರಿಯೇ. ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, ಮೂವತ್ತೆಂಟೂವರೆ ಲವಗಳಿಗೆ ಒಂದು ಘಟಿ, ಎರಡು ಘಟಿಗಳಿಗೆ ಒಂದು ಮುಹೂರ್ತ. ಲೆಕ್ಕ ಹಾಕಿದರೆ ಮುಹೂರ್ತವೊಂದಕ್ಕೆ ೩೭೭೩ ಉಚ್ಛ್ವಾಸಗಳಾಗುತ್ತವೆ. ಮುಹೂರ್ತವೆಂದರೆ ಇಂದಿನ ೪೮ ನಿಮಿಷ. ಆದುದರಿಂದ ಒಂದು ಉಚ್ಛ್ವಾಸವು ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು. ಇದು ಉಸಿರಿಗಿಂತ ನಾಡಿಯ ಮಿಡಿತಕ್ಕೆ ಹತ್ತಿರವಾದ ಪ್ರಮಾಣವೆಂಬುದನ್ನು ವಾಚಕರು ತಮ್ಮ ಕೈಯನ್ನೇ ಹಿಡಿದು ನೋಡಿಕೊಳ್ಳಬಹುದು.

ಪರಿಕರ್ಮವ್ಯವಹಾರದ ಆರಂಭದಲ್ಲಿ ಗುಣಾಕಾರಕ್ಕೆ ಆಚಾರ್ಯರು ಆರಿಸಿಕೊಂಡ ಉದಾಹರಣೆಗಳು ಬಸದಿಯೊಳಗಿನವು. ಒಂದೊಂದು ಜಿನಾಲಯಕ್ಕೆ ಎಂಟೆಂಟು ಕಮಲಗಳನ್ನು ಅರ್ಪಿಸಿದರೆ ೧೪೪ ಜಿನಾಲಯಗಳಿಗೆ ಎಷ್ಟು? ಒಂದು ಜಿನಾಲಯದ ಪೂಜೆಗೆ ೧೩೯ ಪುಷ್ಯರಾಗಗಳಾದರೆ ೧೦೯ ಜಿನಾಲಯಗಳಿಗೆ ಎಷ್ಟು? ಎರಡನೆಯ ಲೆಕ್ಕದ ಉತ್ತರ ೧೫೧೫೧. ಹಿಂದುಮುಂದಾಗಿ ಓದಿದರೂ ಅದೇ ಸಂಖ್ಯೆ! ಇದು ಆಕಸ್ಮಿಕವಲ್ಲ, ಇಂತಹ ಸಂಖ್ಯೆಗಳನ್ನು ಹುಡುಕಿ ಹುಡುಕಿ ಪೋಣಿಸಿದ್ದಾರೆ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ಇಂಥ ಫಲಗಳನ್ನು ಅವರು ಕಂಠಾಭರಣಕ್ಕೆ ಹೋಲಿಸುತ್ತಾರೆ. ಮಣಿಹಾರವನ್ನು ಯಾವ ತುದಿಯಿಂದ ನೋಡಿದರೂ ಒಂದೇ ಅಂದವಷ್ಟೆ. ಶಾಸ್ತ್ರಕಾರನಾದವನಿಗೆ ಇಂತಹ ವಿನೋದ ತಕ್ಕುದೇ ಎಂದು ಮೂಗು ಮುರಿಯುವವರೂ ಉಂಟು. ಗುಣಾಕಾರದ ಜಡತನದಿಂದ ಬಾಲಕರನ್ನು ಪಾರುಮಾಡಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನಂತೂ ಕಾಣೆ.

ಭಿನ್ನರಾಶಿಗಳ ಪ್ರಕರಣವಾದ ಕಲಾಸವರ್ಣದಲ್ಲಿ ಆಚಾರ್ಯರ ಸ್ವಂತಿಕೆ ವಿಶೇಷವಾಗಿ ಕಾಣುತ್ತದೆ. ಬೇರೆ ಬೇರೆ ಛೇದಗಳನ್ನು ಒಂದುಗೂಡಿಸಲು ಛೇದಗಳನ್ನೆಲ್ಲ ಗುಣಿಸಿಬಿಡುವ ಬದಲು, ‘ನಿರುದ್ಧ’ವೆಂಬ ಲಘುತಮ ಸಾಮಾನ್ಯ ಗುಣಕವನ್ನು ಕಂಡುಹಿಡಿಯುವ ಕ್ರಮವನ್ನು ಭಾರತೀಯ ಗಣಿತಗ್ರಂಥಗಳಲ್ಲಿ ಮೊದಲು ಹೇಳಿದವರು ಇವರೇ. ಒಂದು ಎಂಬ ಪೂರ್ಣವನ್ನು ಒಂದೇ ಅಂಶವುಳ್ಳ ಬೇಕಾದಷ್ಟು ಭಿನ್ನಗಳಾಗಿ ಒಡೆಯುವ ಸೂತ್ರವೂ ಇಲ್ಲಿದೆ. ಒಂದರಿಂದ ತೊಡಗಿ ಮೂರು ಮೂರರಿಂದ ಗುಣಿಸುತ್ತ ಹೋಗಬೇಕು, ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರನೆಯ ಎರಡರಿಂದಲೂ ಗುಣಿಸಬೇಕು, ಬಂದವೇ ಛೇದಗಳು. ನಾಲ್ಕು ಪಾಲು ಬೇಕಾದರೆ ೧, ೩, ೯, ೨೭ ಎಂಬುವು ೨, ೩, ೯, ೧೮ ಆಗುತ್ತವೆ. ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಇವನ್ನು ಕೂಡಿಸಿದರೆ ಪೂರ್ಣ ಒಂದು. ಪಾಲುಗಾರರು ಎಷ್ಟೇ ಮಂದಿಯಾದರೂ ಸೂತ್ರ ತಪ್ಪದು. ಸಂಯೋಗಗಳ ಗಣನೆಗೂ ಅವರು ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದಾರೆ. ಒಟ್ಟು ಸಂಖ್ಯೆಯಿಂದ ಒಂದೊಂದಾಗಿ ಇಳಿಯುತ್ತ ಬೇಕಾದಷ್ಟು ಪದಗಳನ್ನು ಗುಣಿಸಿ, ಒಂದರಿಂದ ಏರುತ್ತ ಅಷ್ಟೇ ಪದಗಳ ಗುಣಲಬ್ಧದಿಂದ ಭಾಗಿಸುವುದೇ ಆ ಕ್ರಮ. ಷಡ್ರಸಗಳನ್ನು ಬೆರೆಸುವ ಬಗೆಗಳನ್ನು ಈ ರೀತಿ ಎಣಿಸಿದರೆ ೬, ೧೫, ೨೦, ೧೫, ೬, ೧ ಎಂದು ಒಟ್ಟು ೬೩ ಆಗುತ್ತವೆ. ವಜ್ರ, ನೀಲ, ಮರಕತ, ಹವಳ, ಮುತ್ತು ಎಂಬ ಐದನ್ನು ಬೆರೆಸಿ ಹಾರ ಮಾಡುವ ಬಗೆಗಳು ೩೧.

ಋಣರಾಶಿಗೆ ವರ್ಗಮೂಲವಿಲ್ಲವೆಂಬ ಮಾತನ್ನು ಸ್ಪಷ್ಟವಾಗಿ ಆಡಿದ ಕೀರ್ತಿಯೂ ಮಹಾವೀರಾಚಾರ್ಯರದು. ಧನವನ್ನು ವರ್ಗಿಸಿದರೂ ಋಣವನ್ನು ವರ್ಗಿಸಿದರೂ ಬರುವುದು ಧನವೇ. ಹೀಗಿರುವಲ್ಲಿ ಋಣವು ಯಾವುದರ ವರ್ಗವೂ ಆಗಲಾರದು, ವರ್ಗವಲ್ಲದುದಕ್ಕೆ ಮೂಲವೆಲ್ಲಿಯದು ಎಂಬ ತರ್ಕ. ಕಾಲ್ಪನಿಕ ಸಂಖ್ಯೆಗಳ ಬಾಗಿಲು ಎಲ್ಲಿದೆಯೋ ಅಲ್ಲಿಯವರೆಗೆ ಹೋಗಿ, ಅದು ಮುಚ್ಚಿದೆಯೆಂದು ಸರಿಯಾಗಿ ಗುರುತಿಸಿ ಬಂದವರು ಅವರು. ಅದನ್ನು ತೆರೆಯಲು ಯೂರೋಪಿನ ಗಣಿತಜ್ಞರಿಗೆ ಹದಿನಾರನೆಯ ಶತಮಾನ ಬರಬೇಕಾಯಿತು.

ಇನ್ನು ಶೂನ್ಯದ ವಿಷಯ. ಇಲ್ಲಿ ಅಭಿಮಾನವನ್ನು ಸ್ವಲ್ಪ ಬದಿಗಿರಿಸಿ ಮಾತನಾಡಬೇಕು. ಶೂನ್ಯದಿಂದ ಗುಣಿಸಿದರೆ ಶೂನ್ಯ. ಶೂನ್ಯವನ್ನು ಕೂಡಿಸಿದರೂ ಕಳೆದರೂ ರಾಶಿಗೆ ವಿಕಾರವಿಲ್ಲ. ಇಷ್ಟು ನಿರ್ದುಷ್ಟ. ಆದರೆ ಶೂನ್ಯದಿಂದ ಭಾಗಿಸಿದರೂ ರಾಶಿಯು ಹಾಗೆಯೇ ಉಳಿಯುವುದೆಂದು ಅವರು ಹೇಳಿರುವುದು ತಪ್ಪು. ಹಂಚಿಕೊಳ್ಳುವವರು ಯಾರೂ ಇಲ್ಲದಿದ್ದರೆ ಮುಂದಿರುವ ರಾಶಿ ಇದ್ದಂತೆಯೇ ಇರುತ್ತದೆಯಲ್ಲವೆ ಎಂದು ಕೆಲವು ಅಭಿಮಾನಿಗಳು ಸಮರ್ಥಿಸುವುದುಂಟು. ಆಚಾರ್ಯರು ಹಾಗೆಯೇ ಯೋಚಿಸಿದ್ದಿರಬಹುದು. ಯೋಚನೆಯ ದಾರಿ ಅರ್ಥವಾಗುವಂತಹುದೇ. ಆದರೆ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿದರೆ ಭಾಜ್ಯವು ಮರಳಿ ಬರಬೇಕೆಂಬ ನಿಯಮ ಇಲ್ಲಿ ಮುರಿದುಬೀಳುತ್ತದೆ. ಬ್ರಹ್ಮಗುಪ್ತನು ಎರಡು ಶತಮಾನಗಳ ಹಿಂದೆಯೇ ಇಂತಹ ರಾಶಿಯನ್ನು ಶೂನ್ಯಛೇದವುಳ್ಳದ್ದೆಂದು ಹೇಳಿ ಹಾಗೆಯೇ ಬಿಟ್ಟಿದ್ದನು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಅದನ್ನು ‘ಖಹರ’ವೆಂದು ಕರೆದು ಅನಂತಕ್ಕೆ ಹೋಲಿಸಿದನು. ಇಬ್ಬರ ನಡುವೆ ನಿಂತ ನಮ್ಮ ಆಚಾರ್ಯರು ಈ ಒಂದು ಸ್ಥಳದಲ್ಲಿ ಎಡವಿದರು. ಉತ್ಸವದ ಸಂಚಿಕೆಯೆಂದು ಇದನ್ನು ಮರೆಮಾಡುವುದು, ಲೆಕ್ಕವನ್ನು ತಾಳೆನೋಡುವುದನ್ನು ಕಲಿಸಿದ ಗುರುವಿಗೆ ತೋರುವ ಗೌರವವಲ್ಲ.

ಕ್ಷೇತ್ರಗಣಿತದಲ್ಲಿಯೂ ಇಂಥದೇ ಮಿಶ್ರಫಲ. ಪ್ರತಿಯೊಂದಕ್ಕೂ ವ್ಯವಹಾರಕ್ಕೆ ಸಾಕಾಗುವ ಸ್ಥೂಲಫಲವೊಂದು, ಸೂಕ್ಷ್ಮಫಲವೊಂದು ಎಂದು ಎರಡು ಬಗೆಯ ಸೂತ್ರಗಳನ್ನು ಅವರು ಕೊಡುತ್ತಾರೆ. ವೃತ್ತಪರಿಧಿಗೆ ಸ್ಥೂಲವಾಗಿ ವ್ಯಾಸದ ಮೂರುಪಟ್ಟು, ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು ಪಟ್ಟು. ಈ ಎರಡನೆಯದು ಆಗಮಸಿದ್ಧವಾದ ಪ್ರಮಾಣ: ಲಕ್ಷ ಯೋಜನ ವ್ಯಾಸದ ಜಂಬೂದ್ವೀಪಕ್ಕೆ ೩,೧೬,೨೨೭ ಯೋಜನಗಳನ್ನು ಮೀರಿದ ಪರಿಧಿಯನ್ನು ಹೇಳುವುದು ಇದರಿಂದಲೇ. ನಿಜವಾದ ಬೆಲೆಗಿಂತ ಇದು ನೂರಕ್ಕೆ ಮುಕ್ಕಾಲು ಪಾಲಿಗೂ ಕಡಿಮೆ ಹೆಚ್ಚಳವುಳ್ಳದ್ದು. ಮನೆಕಟ್ಟುವವನಿಗೆ ಸಾಕು, ಗ್ರಹಗತಿ ಗಣಿಸುವವನಿಗೆ ಸಾಲದು. ಆರ್ಯಭಟನು ೩.೧೪೧೬ ಎಂಬ ಬೆಲೆಯನ್ನು ಆಗಲೇ ಕೊಟ್ಟಿದ್ದನು. ಅಷ್ಟು ದೂರ ಹೋಗುವುದೇಕೆ? ಅಮೋಘವರ್ಷನ ಗುರುವಾದ ಜಿನಸೇನರಿಗೇ ಗುರುಗಳಾಗಿದ್ದ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ಇರುವ ಪರಿಧಿಸೂತ್ರದಿಂದ, ಅದರಲ್ಲಿ ಕೂಡಿಸಿರುವ ಒಂದು ಹೆಚ್ಚುವರಿ ಪದವನ್ನು ಬಿಟ್ಟರೆ, ೩೫೫/೧೧೩ ಎಂಬ ಅತಿಸೂಕ್ಷ್ಮವಾದ ಅನುಪಾತ ದೊರೆಯುತ್ತದೆ. ಒಂದೇ ಅರಸನ ಆಸ್ಥಾನಕ್ಕೆ ಸಂಬಂಧಪಟ್ಟ ಎರಡು ವಿದ್ಯಾಶಾಖೆಗಳು ಒಂದರ ಧನವನ್ನು ಇನ್ನೊಂದು ಬಳಸಿಕೊಳ್ಳದೆ ಹೋದುವು.

ಆದರೂ ಆಕೃತಿಗಳ ವೈವಿಧ್ಯದಲ್ಲಿ ಈ ಗ್ರಂಥಕ್ಕೆ ಸಾಟಿಯಾದುದು ಕಡಿಮೆ. ಯವದ ಕಾಳಿನಂತಿರುವುದು, ಮುರಜದಂತೆ ನಡು ಉಬ್ಬಿದುದು, ಪಣವದಂತೆ ನಡು ಸಣ್ಣಗಾದುದು, ವಜ್ರಾಕಾರ, ಶಂಖಾಕಾರ, ಗಾಲಿಯ ಬಳೆಯಂತಿರುವ ನೇಮಿಕ್ಷೇತ್ರ—ಇವೆಲ್ಲಕ್ಕೂ ಕ್ಷೇತ್ರಫಲದ ಸೂತ್ರಗಳಿವೆ. ‘ಆಯತವೃತ್ತ’ವೆಂದು ಅವರು ಕರೆದ ದೀರ್ಘವೃತ್ತವನ್ನು ಪ್ರಾಚೀನ ಭಾರತೀಯ ಗಣಿತದಲ್ಲಿ ಕೈಗೆತ್ತಿಕೊಂಡವರು ಇವರೊಬ್ಬರೇ ಎನ್ನಬೇಕು. ಅಗಲದ ವರ್ಗವನ್ನು ಆರರಿಂದ ಗುಣಿಸಿ, ಇಮ್ಮಡಿಸಿದ ಉದ್ದದ ವರ್ಗವನ್ನು ಕೂಡಿಸಿ, ಮೂಲ ತೆಗೆದರೆ ಪರಿಧಿ. ಉದ್ದ ೩೬, ಅಗಲ ೧೨ ಇದ್ದರೆ ಈ ಸೂತ್ರದಿಂದ ೭೭.೮ ಬರುತ್ತದೆ, ಇಂದಿನ ಗಣನೆಯಂತೆ ೮೦.೨. ಇಷ್ಟು ಹಳೆಯ ಕಾಲಕ್ಕೆ ಇದು ಮೆಚ್ಚತಕ್ಕ ಸಾಮೀಪ್ಯ. ಆದರೆ ಆ ಪರಿಧಿಯನ್ನು ಅಗಲದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲವೆಂದುದು ವೃತ್ತಕ್ಕೆ ಮಾತ್ರ ಸಲ್ಲುವ ಮಾತು, ಆಯತವೃತ್ತಕ್ಕೆ ಸಲ್ಲದು.

ಗ್ರಂಥದ ಜೀವಾಳವಿರುವುದು ಉದಾಹರಣಪದ್ಯಗಳಲ್ಲಿ. ಒಂಬತ್ತು ಮಾದಲಹಣ್ಣು, ಏಳು ಬೇಲದಹಣ್ಣುಗಳಿಗೆ ಒಟ್ಟು ಬೆಲೆ ೧೦೭, ಏಳು ಮಾದಲ, ಒಂಬತ್ತು ಬೇಲಗಳಿಗೆ ೧೦೧, ಬಿಡಿ ಬೆಲೆಯೆಷ್ಟು? (ಮಾದಲಕ್ಕೆ ೮, ಬೇಲಕ್ಕೆ ೫.) ಬಾಳೆಹಣ್ಣಿನ ೬೩ ಸಮರಾಶಿಗಳೂ ಬಿಡಿಯಾದ ಏಳು ಹಣ್ಣುಗಳೂ ಇದ್ದು, ೨೩ ಮಂದಿ ದಾರಿಹೋಕರು ಶೇಷವಿಲ್ಲದೆ ಹಂಚಿಕೊಂಡರೆ ರಾಶಿಯೊಂದರಲ್ಲಿ ಎಷ್ಟು ಹಣ್ಣು? ಐದೈದು ಇದ್ದರೆ ಒಬ್ಬೊಬ್ಬನಿಗೆ ೧೪ ಹಣ್ಣು. ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡ ಮೂವರು ವರ್ತಕರಲ್ಲಿ ಮೊದಲನೆಯವನು, ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣದ ಇಮ್ಮಡಿ ನನ್ನಲ್ಲಿರುವುದೆನ್ನುತ್ತಾನೆ, ಎರಡನೆಯವನು ಮುಮ್ಮಡಿಯೆನ್ನುತ್ತಾನೆ, ಮೂರನೆಯವನು ಐದುಮಡಿ. ವರ್ತಕರಲ್ಲಿದ್ದುದು ೧, ೩, ೫, ಚೀಲದಲ್ಲಿದ್ದುದು ೧೫. ರಾಜಕುಮಾರನ ವಿನೋದಕ್ಕೆ ನೂರು ಹಣಕ್ಕೆ ನೂರು ಹಕ್ಕಿಗಳನ್ನು ತರುವ ಲೆಕ್ಕವೂ ಉಂಟು. ಪಾರಿವಾಳ ಮೂರು ಹಣಕ್ಕೆ ಐದು, ಸಾರಸ ಐದು ಹಣಕ್ಕೆ ಏಳು, ಹಂಸ ಏಳಕ್ಕೆ ಒಂಬತ್ತು, ನವಿಲು ಮಾತ್ರ ಒಂಬತ್ತು ಹಣಕ್ಕೆ ಮೂರೇ. ಒಂದು ಉತ್ತರ: ಪಾರಿವಾಳ ೧೫, ಸಾರಸ ೨೮, ಹಂಸ ೪೫, ನವಿಲು ೧೨.

ಮಿಕ್ಕವಕ್ಕಿಂತ ಪ್ರಸಿದ್ಧವಾದುದು ಮುತ್ತಿನಹಾರದ ಲೆಕ್ಕ. ವಸಂತದ ರಾತ್ರಿ, ಪ್ರಣಯಕಲಹದಲ್ಲಿ ತರುಣಿಯ ಹಾರ ಹರಿದು ಮುತ್ತುಗಳು ಚೆದರಿದುವು. ಮೂರನೆಯ ಒಂದು ಪಾಲು ದಾಸಿಗೆ ದೊರೆಯಿತು, ಆರನೆಯ ಒಂದು ಪಾಲು ಹಾಸಿಗೆಯ ಮೇಲೆ ಬಿದ್ದಿತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆದರಿ, ದಾರದಲ್ಲಿ ೧೧೬೧ ಉಳಿದುವು. ಹಾರದಲ್ಲಿದ್ದ ಮುತ್ತುಗಳು ೧,೪೮,೬೦೮! ಅಷ್ಟು ಭಾರದ ಹಾರವನ್ನು ಆ ತರುಣಿ ಧರಿಸಿದ್ದಳೆಂಬುದೇ ಕವಿಸಮಯ. ವೈರಾಗ್ಯಮಾರ್ಗದ ಆಚಾರ್ಯರ ಲೇಖನಿಯಿಂದ ಶೃಂಗಾರವು ಬಂದಿತೆಂದು ಬೆರಗಾಗಬೇಕಿಲ್ಲ; ‘ಆದಿಪುರಾಣ’ದ ಪರಂಪರೆಯನ್ನು ಬಲ್ಲವರಿಗೆ ಭೋಗವರ್ಣನೆಯ ಸ್ಥಾನ ತಿಳಿದಿರುವುದೇ. ಇಂತಹ ಸರಸವಾದ ಲೆಕ್ಕಗಳ ಜೊತೆಗೆ, ಬಿಡಿಸಲು ಪಿಶಾಚಪ್ರಾಯವಾಗಿ ಕಾಡುವ ಕೆಲವನ್ನು ‘ಪೈಶಾಚಿಕ’ವೆಂಬ ಹೆಸರಿನಲ್ಲಿಯೇ ಬೇರೆಯಾಗಿ ಇರಿಸಿದ್ದಾರೆ.

ಕೊನೆಯದಾದ ಛಾಯಾವ್ಯವಹಾರವು ಬಸದಿ ಕಟ್ಟುವವರಿಗೆ ನೇರವಾಗಿ ಬೇಕಾದುದು. ಸಮತಟ್ಟಾದ ನೆಲದಲ್ಲಿ ವೃತ್ತವೊಂದನ್ನು ಬರೆದು ಕೇಂದ್ರದಲ್ಲಿ ಶಂಕುವನ್ನು ನೆಟ್ಟರೆ, ಪೂರ್ವಾಹ್ಣದಲ್ಲಿ ನೆರಳಿನ ತುದಿ ವೃತ್ತವನ್ನು ಮುಟ್ಟುವ ಬಿಂದು ಪಶ್ಚಿಮಕ್ಕೂ ಅಪರಾಹ್ಣದಲ್ಲಿ ಮುಟ್ಟುವ ಬಿಂದು ಪೂರ್ವಕ್ಕೂ ಗುರುತು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವಾಪರ ರೇಖೆ. ಗರ್ಭಗೃಹದ ಬಾಗಿಲು ಎತ್ತ ನೋಡಬೇಕೆಂಬುದನ್ನು ನಮ್ಮ ಸ್ಥಪತಿಗಳು ನಿರ್ಣಯಿಸುತ್ತಿದ್ದುದು ಇದರಿಂದಲೇ. ನೆರಳಿನಿಂದ ಹೊತ್ತನ್ನು ತಿಳಿಯುವ ಸೂತ್ರವೂ ಇಲ್ಲಿದೆ. ವಿಷುವಚ್ಛಾಯೆಯಿಲ್ಲದ ಸ್ಥಳದಲ್ಲಿ ನೆರಳು ಶಂಕುವಿನ ಎಷ್ಟು ಪಟ್ಟಿದೆಯೋ ಅದಕ್ಕೆ ಒಂದನ್ನು ಕೂಡಿಸಿ, ಇಮ್ಮಡಿಸಿ, ಒಂದನ್ನು ಅದರಿಂದ ಭಾಗಿಸಿದರೆ ಹಗಲಿನಲ್ಲಿ ಕಳೆದ ಅಥವಾ ಉಳಿದ ಭಾಗ ದೊರೆಯುತ್ತದೆ. ನೆರಳು ಶಂಕುವಿನಷ್ಟೇ ಇದ್ದರೆ ಹಗಲಿನ ಕಾಲುಭಾಗ, ಎಂದರೆ ಹನ್ನೆರಡು ಗಂಟೆಯ ಹಗಲಿನಲ್ಲಿ ಮೂರು ಗಂಟೆ. ಇದು ತೀರ ಸರಿ. ನೆರಳು ಇಮ್ಮಡಿಯಾದರೆ ಸೂತ್ರದಂತೆ ಎರಡು ಗಂಟೆ, ವಾಸ್ತವವಾಗಿ ಒಂದು ಗಂಟೆ ನಾಲ್ವತ್ತಾರು ನಿಮಿಷ. ತ್ರಿಕೋಣಮಿತಿಯ ಹಂಗಿಲ್ಲದೆ, ಕೋಲೊಂದರಿಂದ ಹೊತ್ತನ್ನು ಅರಿಯಬೇಕಾದವನಿಗೆ ಇಷ್ಟು ನಿಖರತೆ ಅಲ್ಪವಲ್ಲ.

ಗ್ರಂಥವು ದಕ್ಷಿಣದಲ್ಲಿ ಶತಮಾನಗಳ ಕಾಲ ಪಾಠಪುಸ್ತಕವಾಗಿ ಬಾಳಿತು. ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಇದನ್ನು ತೆಲುಗು ಪದ್ಯಗಳಿಗೆ ತಂದನು; ಜಿನಪರವಾದ ಮಾತುಗಳಿಗೆ ಪ್ರತಿಯಾಗಿ ಶಿವಪರವಾದ ಮಾತುಗಳನ್ನು ಇಟ್ಟನು. ದೇವರು ಬದಲಾದರೂ ಲೆಕ್ಕ ಬದಲಾಗಲಿಲ್ಲ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ರಚಿಸಿ ಈ ವಿದ್ಯೆಯನ್ನು ದೇಶಭಾಷೆಗೆ ಇಳಿಸಿದನು. ವಲ್ಲಭನೆಂಬವನು ಮೂಲಕ್ಕೆ ಕನ್ನಡದಲ್ಲಿ ಕಿರುಟೀಕೆಯನ್ನು ಬರೆದನು.

ಆ ಬಳಿಕ ಗ್ರಂಥವು ಓಲೆಗರಿಗಳ ಕಟ್ಟುಗಳೊಳಗೆ ಅಡಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರೂ ಅಲ್ಲಿಯ ಸರ್ಕಾರಿ ಹಸ್ತಪ್ರತಿ ಭಂಡಾರದ ಮುಖ್ಯಸ್ಥರೂ ಆಗಿದ್ದ ಎಂ. ರಂಗಾಚಾರ್ಯರು, ಭಾರತೀಯ ಗಣಿತದ ಮೇಲೆ ಹೊಸ ಬೆಳಕು ಬೀರುವ ಗ್ರಂಥವೇನಾದರೂ ಇದೆಯೇ ಎಂದು ಅರಸತೊಡಗಿದಾಗ ಇದು ಅವರ ಕಣ್ಣಿಗೆ ಬಿದ್ದಿತು. ಭಂಡಾರದಲ್ಲಿದ್ದ ಪ್ರತಿಗಳು ಅಪೂರ್ಣವಾಗಿದ್ದುವು. ಕೊರತೆಯನ್ನು ತುಂಬಿದುವು ಕನ್ನಡನಾಡಿನ ಪ್ರತಿಗಳು: ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ, ಜೈನ ಪಂಡಿತರೊಬ್ಬರ ಓಲೆಪ್ರತಿಯಿಂದ ಕನ್ನಡಲಿಪಿಯಲ್ಲಿ ನಕಲು ಮಾಡಿದ ವಲ್ಲಭಟೀಕೆಯ ಪ್ರತಿ, ಮತ್ತು ಮೂಡಬಿದಿರೆಯ ಜೈನಮಠದಿಂದ ದೊರೆತ ಸಂಪೂರ್ಣ ಪ್ರತಿ. ಈ ಎರಡನೆಯದರಲ್ಲಿ ಅನೇಕ ಉದಾಹರಣಪದ್ಯಗಳ ತಾತ್ಪರ್ಯವನ್ನು ಕನ್ನಡ ಗದ್ಯದಲ್ಲಿ ಬರೆದಿಡಲಾಗಿದ್ದಿತು. ಮಕ್ಕಳಿಗೆ ಪಾಠ ಹೇಳಲೆಂದು ಯಾರೋ ಗುರುಗಳು ಮಾಡಿಕೊಂಡ ಟಿಪ್ಪಣಿಗಳಿರಬೇಕು ಅವು. ೧೯೧೨ರಲ್ಲಿ ಮದರಾಸು ಸರ್ಕಾರವು ಇಂಗ್ಲಿಷ್ ಅನುವಾದದೊಡನೆ ಗ್ರಂಥವನ್ನು ಪ್ರಕಟಿಸಿತು. ಅಮೆರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು. ೧೯೬೩ರಲ್ಲಿ ಸೊಲ್ಲಾಪುರದಿಂದ ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದ ಹೊರಬಂದಿತು. ತೆಲುಗಿನವರು ಎರಡೇ ಶತಮಾನಗಳೊಳಗೆ ಮಾಡಿಕೊಂಡ ಕೆಲಸ, ಪೂರ್ಣಪಾಠ, ಅನುವಾದ, ಟಿಪ್ಪಣಿಗಳೊಡನೆ ಕನ್ನಡದಲ್ಲಿ ಆದುದು ೨೦೦೦ದಲ್ಲಿ: ಡಾ. ಪದ್ಮಾವತಮ್ಮನವರು ಸಿದ್ಧಪಡಿಸಿದ ಆವೃತ್ತಿಯನ್ನು ಹೊಂಬುಜದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆಯು ಬೆಳಕಿಗೆ ತಂದಿತು. ಮದರಾಸಿನ ಮುದ್ರಣವಾಗಿ ಆಗ ಎಂಬತ್ತೆಂಟು ವರ್ಷಗಳಾಗಿದ್ದುವು.